ಲೈನ್‌ಮನ್ನರ ಮಗನೂ ನಮ್ಮ ಮನೆಯ ಮಿಕ್ಸಿಯೂ

ಮೊನ್ನೆ ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿದೆ. ಕಾಳುಗಳೆಲ್ಲ ಚಟಪಟ ಸಿಡಿದವು, ಒಂದು ಮಾತ್ರ ಎಣ್ಣೆಯ ನಡುವೆ ಅಲುಗದೆ ಕೂತಿತ್ತು. ಚಮಚದಿಂದ ಎತ್ತಿ ನೋಡಿದರೆ ಅದು ಸಾಸಿವೆಯಲ್ಲ, ಸ್ಕ್ರೂ. ನಗಬೇಡಿ. ನಮ್ಮ ಮನೆಯಲ್ಲಿ ಸ್ಕ್ರೂಗಳು ಸಾಸಿವೆ ಡಬ್ಬಿಯಲ್ಲಿ ಸಿಗುತ್ತವೆ, ದೇವರ ಮುಂದಿನ ಕುಂಕುಮದ ಬಟ್ಟಲಲ್ಲಿ ಸಿಗುತ್ತವೆ, ಒಮ್ಮೆ ನಾನು ಪಾಠ ಮಾಡಲು ಹೋಗುವ ಶಾಲೆಗೆ ಒಯ್ದ ಬುತ್ತಿಯಲ್ಲೂ ಸಿಕ್ಕಿತ್ತು. ಅವು ಎಂದೂ ಸಿಗದ ಜಾಗ ಒಂದೇ, ಯಾವ ಯಂತ್ರದಿಂದ ಬಿಚ್ಚಿದರೋ ಆ ಯಂತ್ರ.

ಬಿಚ್ಚಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ನಮ್ಮ ಮನೆಯವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಜೇವರ್ಗಿ ಕಾಲೋನಿಯ ಈ ಬಾಡಿಗೆ ಮನೆಯಿಂದ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರೆ, ಸಂಜೆ ಅದೇ ಇಸ್ತ್ರಿಯ ಮಡಿಕೆ ಕೆಡದಂತೆ ಮರಳುವ ಮನುಷ್ಯ. ಆದರೆ ಮನೆಯಲ್ಲಿ ಯಾವುದಾದರೂ ಕರೆಂಟಿನ ಸಾಮಾನು ಕೆಮ್ಮಿದ್ದು ಕಿವಿಗೆ ಬಿದ್ದರೆ ಸಾಕು, ಅಂಗಿಯ ತೋಳು ಮೇಲೇರುತ್ತದೆ, ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಹೊರಬರುತ್ತದೆ. "ಅಂಗಡಿಗಿ ಕೊಟ್ಟು ಬರ್ರಿ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಸಿದ್ಧವಿರುತ್ತದೆ.

"ಅಂಗಡಿಗಿ ಯಾಕ? ನಮ್ಮಪ್ಪ ಲೈನ್‌ಮನ್ ಇದ್ದ, ಗೊತ್ತದ ಇಲ್ಲ ನಿನಗ?"

ಗೊತ್ತಿಲ್ಲದೆ ಏನು? ಮದುವೆಯ ಮಾತುಕತೆಯ ದಿನವೇ ಅದನ್ನು ಕೇಳಿದ್ದೆ. ನಮ್ಮ ಮಾವ ಕಮಲಾಪುರದಲ್ಲಿ ಲೈನ್‌ಮನ್ ಆಗಿದ್ದರು. ಸುತ್ತಲಿನ ಹಳ್ಳಿಗಳ ಕಂಬ ಹತ್ತಿ ಇಳಿದು ಒಳ್ಳೆಯ ಹೆಸರು ಪಡೆದಿದ್ದರಂತೆ, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಇಷ್ಟೇ. ಡಾಕ್ಟರ ಮಗ ತಾನಾಗಿ ಯಾರ ಹೊಟ್ಟೆಯನ್ನೂ ಕೊಯ್ಯುವುದಿಲ್ಲ. ಬಸ್ ಡ್ರೈವರನ ಮಗ ತನಗೆ ಸ್ಟೇರಿಂಗು ವಂಶದಿಂದ ಬಂದಿದೆ ಎಂದು ಬಸ್ಸು ಹತ್ತಿ ಕೂರುವುದಿಲ್ಲ. ಆದರೆ ಲೈನ್‌ಮನ್ನರ ಮಗನಿಗೆ ಮಾತ್ರ ಕರೆಂಟು ರಕ್ತದಲ್ಲೇ ಹರಿದು ಬಂದಿರುತ್ತದೆ. ಎಷ್ಟೋ ವರ್ಷದ ಮೇಲೆ ಅತ್ತೆಯವರು ರೊಟ್ಟಿ ಬಡಿಯುತ್ತ ನನಗೊಂದು ಗುಟ್ಟು ಹೇಳಿದರು. ಮಾವ ಮನೆಯ ಸಾಮಾನಿಗೆ ಕೈಯನ್ನೇ ಹಚ್ಚುತ್ತಿರಲಿಲ್ಲವಂತೆ. "ಕಂಬದ ಮ್ಯಾಲಿಂದು ನಂದು, ಮನ್ಯಾಗಿಂದು ಅಂಗಡಿಯವಂದು" ಎಂದು ರೇಡಿಯೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟುಬರುತ್ತಿದ್ದರಂತೆ. ಈ ಮಾತನ್ನು ನಮ್ಮವರಿಗೆ ಹೇಳಿ ನೋಡಿದೆ. ಅವ್ವನಿಗೆ ವಯಸ್ಸಾಗಿದೆ, ಮರೆವು ಎಂದುಬಿಟ್ಟರು.

ಹೊಸದಾಗಿ ಮದುವೆಯಾಗಿ ಕಮಲಾಪುರದ ಆ ಮನೆಗೆ ಹೋದಾಗ ಮಾವ ತೀರಿಕೊಂಡು ಒಂದಷ್ಟು ಕಾಲವಾಗಿತ್ತು, ಅಣ್ಣತಮ್ಮರಿಬ್ಬರೂ ಮನೆಯ ಕರೆಂಟನ್ನು ವಹಿಸಿಕೊಂಡಿದ್ದರು. ಅಲ್ಲಿನ ಟೇಬಲ್ ಫ್ಯಾನು ಸ್ವಿಚ್ಚು ಒತ್ತಿದರೆ ತಿರುಗುತ್ತಿರಲಿಲ್ಲ. ಸ್ವಿಚ್ಚು ಒತ್ತಿ, ಪಕ್ಕದಲ್ಲಿಟ್ಟ ಬಾರಕೋಲಿನಿಂದ ಅದರ ರೆಕ್ಕೆಯನ್ನು ಒಮ್ಮೆ ತಳ್ಳಬೇಕು, ಆಮೇಲೆ ತಿರುಗುತ್ತಿತ್ತು. ಬಚ್ಚಲಿನ ಲೈಟಿನ ಸ್ವಿಚ್ಚನ್ನು ಚಪ್ಪಲಿ ಹಾಕಿಕೊಂಡೇ ಮುಟ್ಟಬೇಕು ಎಂಬುದು ಮನೆಗೆ ಬಂದ ಸೊಸೆಗೆ ಕೊಡುತ್ತಿದ್ದ ಮೊದಲ ಉಪದೇಶ. ಚಹಾ ಕಾಸುವ ಕಾಯಿಲ್ ಒಲೆಯ ತಂತಿ ಕಡಿದಲ್ಲೆಲ್ಲ ಗಂಟು ಹಾಕಿ ಹಾಕಿ, ಕೊನೆಗೆ ಅದರಲ್ಲಿ ತಂತಿಗಿಂತ ಗಂಟೇ ಹೆಚ್ಚಾಗಿತ್ತು. ಇಷ್ಟಕ್ಕೂ ಅಣ್ಣತಮ್ಮಂದಿರ ಬಾಯಲ್ಲಿ ಒಂದೇ ಮಂತ್ರ: "ಸದ್ಯಕ್ಕ ನಡೀಲಿ." ಆ ಸದ್ಯ ಎನ್ನುವುದು ನನ್ನ ಹಿರಿಮಗಳು ಹುಟ್ಟಿ ಶಾಲೆಗೆ ಹೋಗುವವರೆಗೂ ಮುಗಿಯಲಿಲ್ಲ.

ನಾನು ಬೆಳೆದದ್ದು ಇದಕ್ಕೆ ತೀರಾ ಉಲ್ಟಾ ಮನೆಯಲ್ಲಿ. ಇದೇ ಊರಿನ ಖೂಬಾ ಪ್ಲಾಟಿನ ನಮ್ಮ ತವರುಮನೆಯಲ್ಲಿ ಕರೆಂಟು ಎಂದರೆ ಗ್ರಾಮದೇವತೆಗೆ ಹೆದರುವಷ್ಟೇ ಭಯ. ನಮ್ಮಪ್ಪ ಪ್ರೈಮರಿ ಶಾಲೆಯ ಮಾಸ್ತರರು. ಮೇನ್ ಸ್ವಿಚ್ಚು ಇಳಿಸಬೇಕಾದರೆ ಮಕ್ಕಳನ್ನೆಲ್ಲ ಅಂಗಳಕ್ಕೆ ಅಟ್ಟಿ, ರಬ್ಬರಿನ ಚಪ್ಪಲಿ ಮೆಟ್ಟಿ, ಕಟ್ಟಿಗೆಯ ಮಣೆಯ ಮೇಲೆ ನಿಂತು, ಮನೆದೇವರ ಹೆಸರು ಹೇಳುತ್ತ ಕಣ್ಣು ಮುಚ್ಚಿ ಇಳಿಸುತ್ತಿದ್ದರು. ಕಣ್ಣು ಮುಚ್ಚುವುದರಿಂದ ಕರೆಂಟಿಗೆ ನಾವು ಕಾಣುವುದಿಲ್ಲ ಎಂದು ಅವರ ಎಣಿಕೆ ಇದ್ದಿರಬೇಕು.

ಆ ಮನೆಗೆ ಮೊದಲ ಮಿಕ್ಸಿ ಬಂದಾಗ ಅದು ಅಡುಗೆಮನೆಗೆ ಹೋಗಲೇ ಇಲ್ಲ. ಪಡಸಾಲೆಯ ಗಡಿಯಾರದ ಕೆಳಗೆ, ನಮ್ಮ ಸಣ್ಣವ್ವ ಎರಡು ಗಿಳಿ ಕಸೂತಿ ಹಾಕಿ ಹೊಲಿದುಕೊಟ್ಟ ಗವಸಣಿಗೆ ತೊಟ್ಟು ಕೂತಿತು. ದಸರೆಗೆ ಅದಕ್ಕೂ ಕುಂಕುಮ, ಅದಕ್ಕೂ ಚೆಂಡು ಹೂವು. ಅವ್ವ ಅದನ್ನು ಉಪಯೋಗಿಸುತ್ತಿರಲಿಲ್ಲ. ಕೇಳಿದರೆ "ಸವೀತದವ್ವಾ" ಎನ್ನುತ್ತಿದ್ದಳು. ಒಳಗೆ ಕಲ್ಲಿನಲ್ಲಿ ಹಿಂಡಿ ಚಟ್ನಿ ಕುಟ್ಟಿ ಬೆವರು ಒರೆಸಿಕೊಂಡು, ಹೊರಗೆ ಬಂದವರ ಮುಂದೆ ತಟ್ಟೆ ಇಡುವಾಗ "ಮಿಕ್ಸ್ಯಾಗ ಮಾಡೀನ್ರಿ, ಈಗೆಲ್ಲ ಭಾಳ ಆರಾಮ ನೋಡ್ರಿ" ಎಂದು ನಗುತ್ತಿದ್ದಳು. ಬಂದವರೂ ಹಿಂಡಿಯನ್ನು ಬೆರಳಲ್ಲಿ ನೆಕ್ಕಿ, ಮಿಕ್ಸಿಯದು ಅಷ್ಟು ರುಚಿ ಆಗುವುದಿಲ್ಲ ಬಿಡ್ರಿ ಎಂದು ಹೇಳಿ ಹೋಗುತ್ತಿದ್ದರು. ಇಂಥ ಮನೆಯಿಂದ ಬಂದ ನಾನು ಬಾರಕೋಲಿನಿಂದ ಫ್ಯಾನು ತಿರುಗಿಸುವವರ ಮನೆ ಸೇರಿದೆ. ನನ್ನ ನಾಲಗೆ ಇಷ್ಟು ಹರಿತವಾದದ್ದು ಸುಮ್ಮನೆ ಅಲ್ಲ.

ಈಗಂತೂ ನಮ್ಮವರಿಗೆ ಫೋನು ಸಿಕ್ಕಿದೆ. ಅದರಲ್ಲಿ ಯಾರೋ ಒಬ್ಬ ಮುಖ ಕಾಣದ ಮನುಷ್ಯ, ಕೈ ಮಾತ್ರ ತೋರಿಸುತ್ತ, "ಫ್ರೆಂಡ್ಸ್, ಇದು ತುಂಬಾ ಸಿಂಪಲ್" ಎನ್ನುತ್ತಾನೆ. ಆ ಮನುಷ್ಯನ ಮುಂದೆ ಬಿಳಿ ಟೇಬಲ್ಲು, ಅವನ ಸ್ಕ್ರೂಗಳು ಸಾಲಾಗಿ ಕೂತಿರುತ್ತವೆ, ಅವನ ಹೆಂಡತಿ ಅವನನ್ನು ಊಟಕ್ಕೆ ಕರೆಯುವುದಿಲ್ಲ. ನಮ್ಮವರು ಅದನ್ನು ನೋಡಿ ತಲೆದೂಗುತ್ತಾರೆ. ಯಂತ್ರ ಮಾಡುವ ಕಂಪನಿಯವರೇನು ಕಡಿಮೆಯೇ? ಜಗತ್ತಿನಲ್ಲಿ ಇಲ್ಲದ ಮೂರು ಮೂಲೆಯ ಸ್ಕ್ರೂ ಹಾಕಿ, ಬಿಚ್ಚಬೇಡಿ ಎಂದು ಚೀಟಿ ಅಂಟಿಸುತ್ತಾರೆ. ನಮ್ಮವರಿಗೆ ಅದು ಸವಾಲು. ಚಾಕುವಿನ ತುದಿ, ಉಗುರು ಕತ್ತರಿ, ನನ್ನ ಕೂದಲಿನ ಪಿನ್ನು, ಹೀಗೆ ಒಂದೊಂದೇ ಆಯುಧ ಹೊರಡುತ್ತದೆ. ನನಗೆ ಕಂಪನಿಯವರ ಮೇಲೂ ನಮ್ಮವರ ಮೇಲೂ ಒಂದೇ ತೂಕದ ತಿರಸ್ಕಾರ.

ಇಷ್ಟು ದಿನ ಇದೆಲ್ಲ ತಮಾಷೆಯಾಗಿಯೇ ನಡೆದಿತ್ತು. ಫ್ಯಾನು ನಿಂತರೆ ಬೀಸಣಿಗೆ ಇದೆ, ಇಸ್ತ್ರಿ ಕೆಟ್ಟರೆ ಅಂಗಿ ಮಡಚಿ ದಿಂಬಿನ ಕೆಳಗಿಟ್ಟರಾಯಿತು. ಆದರೆ ಕಳೆದ ಚಳಿಗಾಲದಲ್ಲಿ ಕಮಲಾಪುರದ ಭಾವನವರ ಮನೆಯಲ್ಲಿದ್ದ ಅತ್ತೆಯವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು, ನುಂಗುವುದೂ ಕಷ್ಟವಾಯಿತು. ಆಸ್ಪತ್ರೆ ಹತ್ತಿರವಿರಲಿ ಎಂದು ನಮ್ಮಲ್ಲಿಗೆ ಕರೆತಂದೆವು. ಏನು ಕೊಟ್ಟರೂ ನುಣ್ಣಗೆ ಅರೆದು ಕೊಡಬೇಕು, ಒಂದು ಅಗುಳು ಗಂಟಲಲ್ಲಿ ಸಿಕ್ಕರೂ ಉಸಿರಿನ ದಾರಿಗೆ ಹೋಗುತ್ತದೆ ಎಂದರು ಡಾಕ್ಟರು. ಜೀವಮಾನವೆಲ್ಲ "ಮಿಕ್ಸ್ಯಾಗ ಮಾಡಿದ್ದು ಬಾಯಿಗಿ ಹತ್ತಂಗಿಲ್ಲವಾ" ಎಂದು ನನ್ನ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದವರಿಗೆ ಈಗ ಮಿಕ್ಸಿಯಿಂದ ಬಂದದ್ದಲ್ಲದೆ ಬೇರೆ ಊಟವಿಲ್ಲ.

ನಾನು ಅರೆದು ಕೊಡುತ್ತಿದ್ದುದಾದರೂ ಏನು? ಉಪ್ಪು ಕಡಿಮೆ ಎಂದಿದ್ದರು ಡಾಕ್ಟರು, ನಾನು ಉಪ್ಪನ್ನೇ ಬಿಟ್ಟೆ. ಖಾರ ಬೇಡ ಎಂದಿದ್ದರು, ನಾನು ಬೆಳ್ಳುಳ್ಳಿ, ಜೀರಿಗೆಯನ್ನೂ ಬಿಟ್ಟೆ. ಬೇಳೆ ಅನ್ನವನ್ನು ಬೇಯಿಸಿ ತಿರುವಿದರೆ ಗೋಡೆಗೆ ಬಳಿಯುವ ಸುಣ್ಣದಂತೆ ಆಗುತ್ತಿತ್ತು. ಭಾವನವರು ಬಸ್ಸಿನಲ್ಲಿ ಕಳಿಸುವ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹಾಲಿನಲ್ಲಿ ತಿರುವಿ ಕೊಟ್ಟರೆ ಅದೊಂದಿಷ್ಟು ಇಳಿಯುತ್ತಿತ್ತು. ಉಳಿದದ್ದಕ್ಕೆ ಎರಡು ಚಮಚ ಆಗುವಷ್ಟರಲ್ಲಿ ಬಾಯಿ ಮುಚ್ಚಿಕೊಂಡುಬಿಡುತ್ತಿದ್ದರು. ಹಟವೂ ಇಲ್ಲ, ಸಿಟ್ಟೂ ಇಲ್ಲ, ಬೇಡವಾಗಿತ್ತು ಅಷ್ಟೇ. ಮೈ ಇಳಿಯುತ್ತ ಹೋಯಿತು. ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಮುಂದಿನ ಸಲ ಬಂದಾಗ ತೂಕ ನೋಡಿ ಹೇಳುತ್ತೇನೆ ಎಂದರು ಡಾಕ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಇಂಥ ಹೊತ್ತಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಮಿಕ್ಸಿ ಕಿಡಿ ಹಾರಿಸಿ, ಸುಟ್ಟ ವಾಸನೆ ಬಿಟ್ಟು ನಿಂತಿತು.

"ಕಾರ್ಬನ್ ಹೋಗ್ಯಾದ" ಎಂದರು ನಮ್ಮವರು, ಮೂಸಿ ನೋಡಿಯೇ. ಮೋಟಾರಿಗೆ ಕರೆಂಟು ಮುಟ್ಟಿಸುವ ಎರಡು ಕರಿ ತುಂಡುಗಳಿರುತ್ತವಂತೆ, ಅವು ಸವೆದಿದ್ದವಂತೆ. ಅದು ನಿಜವೇ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. "ಹೊಸಾದು ತರ್ರಿ" ಎಂದೆ. "ಇವತ್ತ ಅಂಗಡಿ ಬಂದ್ ಅದ. ಒಂದು ತಾಸು ತಡಿ. ಸೆಲ್ಲಿನೊಳಗಿನ ಕಡ್ಡಿ ಕೆರದು ಹಾಕ್ತೀನಿ, ಸದ್ಯಕ್ಕ ನಡೀತದ" ಎಂದರು. ಟಾರ್ಚಿನ ಹಳೆಯ ಸೆಲ್ಲು ಒಡೆದು, ಅದರೊಳಗಿನ ಕಪ್ಪು ಕಡ್ಡಿಯನ್ನು ತೆಗೆದು, ಹೊಸ್ತಿಲಿಗೆ ಉಜ್ಜತೊಡಗಿದರು. ಅಷ್ಟರಲ್ಲಿ ಪಡಸಾಲೆಯ ತುಂಬ ಮಿಕ್ಸಿಯ ಕರುಳು ಬಿದ್ದಿತ್ತು. ಅಂಗಡಿ ತೆರೆದಿದ್ದರೂ ಅದನ್ನು ಒಯ್ಯಲು ಈಗ ಬುಟ್ಟಿ ಬೇಕಾಗುತ್ತಿತ್ತು.

ತಾಸು ಕಳೆಯಿತು, ಮಧ್ಯಾಹ್ನವೂ ಆಯಿತು. ಅರೆಯುವ ಕಲ್ಲು ಕಮಲಾಪುರದ ಹಿತ್ತಿಲಲ್ಲಿ. ನಾನು ಅನ್ನವನ್ನು ಚಹಾ ಸೋಸುವ ಜಾಲರಿಯಲ್ಲಿ ಒತ್ತಿ ಒತ್ತಿ ಇಳಿಸಿ ಕೊಟ್ಟೆ. ಮೊದಲ ಚಮಚಕ್ಕೇ ಅತ್ತೆಯವರಿಗೆ ಕೆಮ್ಮು ಹತ್ತಿ ಕಣ್ಣು ಮೇಲಾದವು. ಕೆಮ್ಮು ನಿಲ್ಲುವವರೆಗೆ ಬೆನ್ನು ನೀವುತ್ತ ಕೂತೆ. ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು.

"ನಿಮ್ಮವ್ವ ಉಪಾಸ ಕೂತಾಳ, ನೀವು ಹೊಸ್ತಿಲಿ ತಿಕ್ಕೋತ ಕೂಡ್ರಿ!"

"ಆತು, ಈಗ ಆತು" ಎಂದರು, ತಲೆ ಎತ್ತದೆ.

ನಮ್ಮ ಮನೆಯ ಗೋಡೆಗೆ ಹತ್ತಿಯೇ ಹಸೀನಾ ಖಾಲಾ ಅವರ ಮನೆ. ಉರ್ದು ಶಾಲೆಯ ಟೀಚರಾಗಿ ರಿಟೈರ್ ಆದವರು, ಸಾಮಾನು ಕೆಟ್ಟರೆ ಎರಡನೇ ಮಾತಿಲ್ಲದೆ ಅಂಗಡಿಗೆ ಕಳಿಸುವವರು. ಆ ಒಂದು ಗುಣಕ್ಕೇ ನನಗೆ ಅವರ ಮೇಲೆ ಅಪಾರ ಗೌರವ. ಬಟ್ಟಲು ಹಿಡಿದು ಅವರ ಬಾಗಿಲಿಗೆ ಹೋದೆ. ಅವರು ನನ್ನ ಮುಖ ನೋಡಿದರು, ಬಟ್ಟಲು ನೋಡಿದರು.

"ಇಂಜಿನಿಯರ್ ಸಾಬ್ ಮಿಕ್ಸಿ ಬಿಚ್ಯಾರೇನು?"

"ಹೂಂ ಖಾಲಾ. ಒಂದೀಟು ನಿಮ್ಮ ಮಿಕ್ಸ್ಯಾಗ ತಿರುವಿ ಕೊಡ್ರಿ."

ಅವರು ಬಟ್ಟಲಿಗೆ ಕೈ ಚಾಚಿದವರು ಹಿಂದೆಗೆದರು. "ಅರೇ ಬೇಟಿ, ನಂದೇನೂ ಇಲ್ಲ. ಆದ್ರ ಇದ್ರಾಗ ನಾವು ಗೋಷ್ತಿನ ಮಸಾಲಾ ಅರೀತೀವಿ. ತೊಳದೀನಿ ಖರೇ, ವಾಸ್ನಿ ಹೋಗಂಗಿಲ್ಲ. ಮೊದಲ ಅಮ್ಮಾಗ ಕೇಳಿ ಬಾ. ಬಾಯಿ ಇಲ್ಲದವರಿಗಿ ಕೇಳದ ತಿನಸೂದು ಗುನಾ ಅದ."

ಸರಿಯಾದ ಮಾತು, ಅದು ಪಾಪವೇ. ನಮ್ಮ ಮನೆಯಲ್ಲಿ ಮಾಂಸವಿರಲಿ, ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಅತ್ತೆಯವರಂತೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಲಕ್ವಾ ಆಗುವವರೆಗೆ ಪೂಜೆ ಆಗದೆ ನೀರು ಮುಟ್ಟಿದವರಲ್ಲ. ಮರಳಿ ಬಂದು ಮಂಚದ ಹತ್ತಿರ ಕೂತೆ. ನಮ್ಮವರು ಬಾಗಿಲಲ್ಲಿ ಕಡ್ಡಿ ಹಿಡಿದು ನಿಂತಿದ್ದರು, ಅವರಿಗೆ ಕೇಳಿಸಿತ್ತು.

"ಬ್ಯಾಡ. ಅವ್ವಗ ಅದು ನಡ್ಯಂಗಿಲ್ಲ. ಅದ್ರಾಗ ಅವರು ಏನೇನೋ ಅರೀತಾರ."

ನೋಡಿ, ಇದೇ ಮನುಷ್ಯ ಪ್ರತಿ ರಂಜಾನ್ ಹಬ್ಬಕ್ಕೆ ಖಾಲಾ ಕಳಿಸುವ ಶೀರ್‌ಖುರ್ಮಾವನ್ನು ಬಟ್ಟಲ ಮೇಲೆ ಬಟ್ಟಲು ಇಳಿಸುತ್ತಾರೆ. ಅದರ ಬಾದಾಮಿಯನ್ನು ಯಾವ ಮಿಕ್ಸಿಯಲ್ಲಿ ತಿರುವಿದಿರಿ ಎಂದು ಒಮ್ಮೆಯಾದರೂ ಕೇಳಿದ್ದಿದೆಯೇ? ಇವರ ಮಡಿ ತಾಯಿಯ ಹೊಟ್ಟೆಗೆ ಮಾತ್ರ ಅನ್ವಯಿಸುತ್ತದೆ. ಇದನ್ನು ಅಲ್ಲೇ ಆಡಿಯೂ ತೋರಿಸಿದೆ. ಆಮೇಲೆ ಅತ್ತೆಯವರ ಕಡೆ ತಿರುಗಿದೆ.

"ಅತ್ಯಾರ, ನಮ್ಮ ಮಿಕ್ಸಿ ಕೆಟ್ಟದ. ಖಾಲಾರ ಮಿಕ್ಸ್ಯಾಗ ತಿರುವಿಕೊಂಡು ಬರ್ಲೇನ್ರಿ? ಅದ್ರಾಗ ಅವರು ಅವರ ಅಡಗಿ ಮಸಾಲಾ ಅರೀತಾರ. ನಿಮಗ ಒಲ್ಲೆ ಅನಸಿದ್ರ ಬ್ಯಾಡ."

ಅತ್ತೆಯವರು ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತ ಮಗನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಎಡಗೈ ಚಾಚಿ, ಮಂಚದ ಮೇಲಿದ್ದ ಬಟ್ಟಲನ್ನು ಖಾಲಾ ಅವರ ಮನೆಯ ಗೋಡೆಯ ಕಡೆಗೆ ತಳ್ಳಿದರು. ಅರ್ಥವಾಗದಿರುವ ಮಾತೇ ಇರಲಿಲ್ಲ. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಖಾಲಾ ನುಣ್ಣಗೆ ತಿರುವಿ, ಬೆರಳ ತುದಿಯಲ್ಲಿ ತಿಕ್ಕಿ ನೋಡಿ, ಮತ್ತೊಮ್ಮೆ ತಿರುವಿ ಕೊಟ್ಟರು. ಮನೆಗೆ ತರುವಾಗಲೇ ನನಗೆ ವಾಸನೆ ಹತ್ತಿತು. ಬೆಳ್ಳುಳ್ಳಿ, ಶುಂಠಿ, ಹುರಿದ ಧನಿಯಾ, ಹಸಿಮೆಣಸು, ಇನ್ನೂ ಏನೋ. ಇದ್ದದ್ದು ಅದೇ ಬೇಳೆ ಅನ್ನ, ಆದರೆ ಜಾರಿನ ತಳದಲ್ಲಿ ಇಷ್ಟು ಕಾಲ ಅಡುಗೆ ಮಾಡಿದ ಕೈಯ ಗುರುತು ಕೂತಿತ್ತು. ಮೊದಲ ಚಮಚ ಇಟ್ಟೆ. ಅತ್ತೆಯವರು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಉಗುಳುತ್ತಾರೆ ಎಂದುಕೊಂಡೆ. ನುಂಗಿದರು, ಬಾಯಿ ತೆರೆದರು. ಮತ್ತೆ ಕೊಟ್ಟೆ, ಮತ್ತೆ ತೆರೆದರು. ಬಟ್ಟಲು ಖಾಲಿಯಾದ ಮೇಲೂ ಚಮಚದ ಕಡೆ ನೋಡುತ್ತಿದ್ದರು. ನನಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡೆ. ಇಷ್ಟು ತಿಂಗಳು ಇವರಿಗೆ ಹಸಿವಿರಲಿಲ್ಲವೇ ಅಥವಾ ನಾನು ಕೊಟ್ಟದ್ದು ಊಟವಾಗಿರಲಿಲ್ಲವೇ ಎಂದು ಯೋಚಿಸುತ್ತ ಕೂತೆ.

ನಮ್ಮವರು ಕಡ್ಡಿ ಹಿಡಿದು ಪಡಸಾಲೆಗೆ ಹೋದರು. ಅವರಿಗೆ ನೋವಾಗಿತ್ತು. "ನನ್ನ ಸಲುವಾಗಿ ಇನ್ನೊಂದೀಟು ಹೊತ್ತು ತಡೀಲಾಕ ಆಗ್ಲಿಲ್ಲ ನಿನಗ" ಎಂದು ಆಮೇಲೆ ಅಂದರು. "ನಾ ತಡೀಬಹುದಿತ್ತು. ಹೊಟ್ಟಿ ತಡೀತದೇನ್ರಿ?" ಎಂದೆ.

ಸಂಜೆ ಆ ಐತಿಹಾಸಿಕ ಗಳಿಗೆ ಬಂತು. ಮಿಕ್ಸಿಗೆ ಅದರ ಹೊಟ್ಟೆ ಮರಳಿ ತುಂಬಿ, ಮುಚ್ಚಳ ಬಿಗಿದು, ನಮ್ಮನ್ನೆಲ್ಲ ಕರೆದರು. ಹೊರಗುಳಿದ ಸ್ಕ್ರೂಗಳ ಬಗ್ಗೆ ಕೇಳಿದ್ದಕ್ಕೆ "ಅವು ಎಕ್ಸ್‌ಟ್ರಾ" ಎಂದರು. ಕಂಪನಿಯವರು ಧಾರಾಳಿಗಳು, ಪ್ರತಿ ಮಿಕ್ಸಿಯ ಜತೆಗೂ ನಾಲ್ಕು ಸ್ಕ್ರೂ ಪ್ರೀತಿಯಿಂದ ಕೊಟ್ಟಿರುತ್ತಾರೆ ಎಂದು ಕಾಣುತ್ತದೆ. ಸದ್ದು ಕೇಳಿ ಖಾಲಾ ಕೂಡ ಬಾಗಿಲಿಗೆ ಬಂದರು. ನಮ್ಮವರು ಜಾರಿಗೆ ಅನ್ನ ಬೇಳೆ ಹಾಕಿ ಸ್ವಿಚ್ಚು ತಿರುವಿದರು. ಮಿಕ್ಸಿ ಗರ್ಜಿಸಿತು. ಹಿಂದೆಂದೂ ಅಷ್ಟು ಜೋರಾಗಿ ಕೂಗಿರಲಿಲ್ಲ. ನಮ್ಮವರ ಮುಖದಲ್ಲಿ ಕಮಲಾಪುರದ ಎಲ್ಲ ಕಂಬಗಳೂ ಒಮ್ಮೆಗೇ ಬೆಳಗಿದವು.

"ಶುರು ಆಯ್ತಿಲ್ಲ?"

ಶುರುವಾಯಿತು, ನಿಜ. ಆದರೆ ಮುಚ್ಚಳ ತೆಗೆದು ನೋಡಿದರೆ ಅನ್ನದ ಅಗುಳು ಹಾಕಿದ ಹಾಗೇ ಇದ್ದವು, ಒಂದಿಷ್ಟು ಬೆಚ್ಚಗಾಗಿದ್ದವು ಅಷ್ಟೇ. ಮತ್ತೊಮ್ಮೆ ತಿರುವಿದರು. ಈ ಸಲ ಜಾರು ಕುಣಿಯತೊಡಗಿತು. ಎತ್ತಿ ನೋಡಿದರೆ ಮೋಟಾರಿನ ಮೇಲೆ ಕೂರುವ ಹೂವಿನಾಕಾರದ ರಬ್ಬರಿನ ಬಿಲ್ಲೆ ತಾನೇ ತಿರುಚಿಕೊಂಡು ಬಿಚ್ಚಿಬಂದು ಪಕ್ಕಕ್ಕೆ ಬಿದ್ದಿತ್ತು. ನಮ್ಮವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ಎರಡು ವೈರು ಅದಲು ಬದಲಾಗಿ, ಮೋಟಾರು ಹಿಂದುಮುಂದಾಗಿ ತಿರುಗುತ್ತಿತ್ತು. ಬ್ಲೇಡು ತನ್ನ ಬೆನ್ನಿನಿಂದ ಅನ್ನವನ್ನು ಸವರುತ್ತಿತ್ತು.

"ಉಲ್ಟಾ ತಿರುಗ್ಲಾಕತ್ತದ, ಅಷ್ಟೇ" ಎಂದರು ಮೆಲ್ಲಗೆ. "ತಿರುಗೂದಂತೂ ತಿರುಗ್ತದಲ್ಲ."

ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಓಡಿದರು. ಗೋಡೆಯಾಚೆಯಿಂದ ಅವರ ನಗು ಬಹಳ ಹೊತ್ತು ಕೇಳಿಸಿತು. ನಾನು ನಗಲಿಲ್ಲ ಎಂದರೆ ನೀವು ನಂಬುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಮರುದಿನ ಅವರು ಹೊಸ ಕಾರ್ಬನ್ ತಂದು, ಫೋನಿನ ಮುಖವಿಲ್ಲದ ಮನುಷ್ಯನನ್ನು ಮತ್ತೆ ಮತ್ತೆ ನೋಡಿ, ವೈರುಗಳನ್ನು ಸರಿ ಮಾಡಿದರು. ಮಿಕ್ಸಿ ಸರಿಯಾದ ದಿಕ್ಕಿಗೇ ತಿರುಗಿತು, ನುಣ್ಣಗೇ ಅರೆಯಿತು. ಶಹಬಾಸ್ ಎನ್ನಬೇಕಾಗಿತ್ತು, ಅನ್ನಲಿಲ್ಲ. ಯಾಕೆಂದರೆ ಅದರಲ್ಲಿ ಅರೆದದ್ದನ್ನು ಅತ್ತೆಯವರು ಮತ್ತೆ ಎರಡು ಚಮಚಕ್ಕೇ ನಿಲ್ಲಿಸಿದರು. ನಾನು ಬೆಳ್ಳುಳ್ಳಿ ಹಾಕಿದೆ, ಜೀರಿಗೆ ಹಾಕಿದೆ, ಧನಿಯಾ ಹುರಿದು ಹಾಕಿದೆ. ಅವರು ರುಚಿ ನೋಡುತ್ತಿದ್ದರು, ಗೋಡೆಯ ಕಡೆ ನೋಡುತ್ತಿದ್ದರು, ಬಾಯಿ ಮುಚ್ಚುತ್ತಿದ್ದರು. ನಮ್ಮವರು ಕಚೇರಿಗೆ ಹೋದ ಮೇಲೆ ನಾನೂ ಶಾಲೆಗೆ ಹೊರಡುವ ಮುನ್ನ ಬಟ್ಟಲು ಹಿಡಿದು ಖಾಲಾ ಮನೆಗೆ ಹೋಗತೊಡಗಿದೆ. ಮಧ್ಯಾಹ್ನದ ಊಟವನ್ನು ಖಾಲಾ ತಾವೇ ತಂದು ಉಣಿಸುತ್ತಿದ್ದರು. ಇದನ್ನು ನಮ್ಮವರಿಂದ ಮುಚ್ಚಿಡಲಿಲ್ಲ, ಮುಖಕ್ಕೆ ಮುಖ ಕೊಟ್ಟೇ ಹೇಳಿದೆ. ಅವರು ಪೇಪರಿನ ಹಾಳೆ ಮಗುಚಿದರು.

"ನನ್ನ ಮಿಕ್ಸಿ ಈಗ ಹೊಸಾದಕ್ಕಿಂತ ಛಲೋ ಅದ. ಅವ್ವಗ ನೀ ಸುಳ್ಳೇ ರೂಢಿ ಮಾಡ್ಸಾಕತ್ತಿ" ಎಂದರು.

ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ ಮತ್ತೆ ಭಾನುವಾರ. ಇವತ್ತು ಅವ್ವನಿಗೆ ನಾನೇ ಉಣಿಸುತ್ತೇನೆ ಎಂದು ನಮ್ಮವರು ಸೊಂಟ ಕಟ್ಟಿದರು. ತಾವೇ ಅನ್ನ ಬೇಳೆ ಬೇಯಿಸಿ, ತಮ್ಮದೇ ಮಿಕ್ಸಿಯಲ್ಲಿ ತಿರುವಿ, ಜಾಲರಿಯಲ್ಲಿ ಸೋಸಿ, ಮಂಚದ ಅಂಚಿಗೆ ಕೂತರು. ನಾನು ಬಾಗಿಲಿಗೆ ಒರಗಿ ನಿಂತು ತಮಾಷೆ ನೋಡಲು ಸಿದ್ಧಳಾದೆ.

ಅತ್ತೆಯವರು ಒಂದು ಚಮಚ ತೆಗೆದುಕೊಂಡರು. ಎರಡನೆಯದಕ್ಕೆ ತುಟಿ ಬಿಗಿದರು.

"ಅವ್ವಾ, ತಿನ್ನು. ಇನ್ನೊಂದು. ನಾಳಿ ಡಾಕ್ಟರ್ ತೂಕ ನೋಡ್ತಾರ." ತುಟಿ ಸಡಿಲಲಿಲ್ಲ. "ಅವ್ವಾ, ನಾ ಮಾಡೀನಿ ಇದು. ನನ್ನ ಕೈಲೆ ಮಾಡೀನಿ." ಅವರು ಮುಖ ತಿರುಗಿಸಿದರು. ನಮ್ಮವರು ಚಮಚ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟುಕೊಂಡು ಕೂತರು. "ಮೂಗಿನಾಗ ನಳಿಗಿ ಹಾಕ್ತಾರವ್ವಾ" ಎಂದರು, ಧ್ವನಿ ಒಡೆದುಹೋಯಿತು. ನನಗೆ ತಮಾಷೆ ಸಾಕಾಯಿತು. ಬಟ್ಟಲು ಕೊಡ್ರಿ, ನಾ ಹೋಗಿ ಬರ್ತೀನಿ ಎಂದು ಕೈ ಚಾಚಿದೆ.

ಅವರು ಕೊಡಲಿಲ್ಲ. ತಾವೇ ಎದ್ದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ನಡೆದರು. ನಾನು ಹಿಂದೆಯೇ ಹೋದೆ. ಖಾಲಾ ಅವರ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ನಿಂತರು. ಗಂಟಲು ಸರಿಮಾಡಿಕೊಂಡರು. ಕಡೆಗೆ ಲೈನ್‌ಮನ್ನರ ಮಗನ ಬಾಯಿಂದ ಬಂದ ಮಾತು ಇದು:

"ಖಾಲಾ, ನಿಮ್ಮ ಮಿಕ್ಸಿ ಏನಾರ ರಿಪೇರಿಗಿ ಅದ ಏನ್ರಿ? ನೋಡೂಣು ಅಂತ ಬಂದೆ."

"ಖಬರ್ದಾರ್!" ಎಂದು ಖಾಲಾ ಒಳಗಿನಿಂದಲೇ ಕೂಗಿದರು. "ಮಿಕ್ಸಿಗಿ ಕೈ ಹಚ್ಚಿದ್ರ ನೋಡು. ಬಟ್ಟಲ ಇತ್ತ ಕೊಡು ಬೇಟಾ, ಅಮ್ಮಾ ಹಸದಾರ."

ಅವರು ಬಟ್ಟಲು ಕೊಟ್ಟರು. ಖಾಲಾ ತಿರುವುವಷ್ಟು ಹೊತ್ತೂ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು, ಅವರ ಮುಖ ನನಗೆ ಕಾಣಲಿಲ್ಲ.

ಮರಳಿ ಬಂದು ಮಂಚದ ಅಂಚಿಗೆ ಕೂತು ಚಮಚ ಎತ್ತುವ ಮೊದಲೇ ಅತ್ತೆಯವರು ಬಾಯಿ ತೆರೆದಿದ್ದರು. ಒಂದಾದ ಮೇಲೊಂದು ನುಂಗಿದರು. ಬಟ್ಟಲು ಅರ್ಧಕ್ಕೆ ಬಂದಾಗ ಎಡಗೈಯಿಂದ ಮಗನ ಮುಂಗೈ ಹಿಡಿದರು. ಸಾಕಾಯಿತೇನೋ ಎಂದುಕೊಂಡೆವು. ಸಾಕಾಗಿರಲಿಲ್ಲ. ಚಮಚ ಹಿಡಿದ ಆ ಕೈಯನ್ನು ತಿರುಗಿಸಿ, ಮೆಲ್ಲಗೆ, ಮಗನ ಬಾಯಿಯ ಕಡೆಗೆ ತಳ್ಳಿದರು.

ನಮ್ಮವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅತ್ತೆಯವರು ಕೈ ಬಿಡಲಿಲ್ಲ, ಮತ್ತೆ ತಳ್ಳಿದರು. ಇವರು ಬಾಯಿ ತೆರೆದರು, ತಿಂದರು, ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲು ಅವರಿಗೆ ಖಾಲಿ ಕೈ ಇರಲಿಲ್ಲ.

"ಉಪ್ಪು ಕಡಿಮಿ ಅದ" ಎಂದರು.

"ಸುಮ್ಮ ತಿನ್ರಿ" ಎಂದೆ.